ನೆಟ್ ತಾಗಿದ್ರೂ ಒಮ್ಮೆ ಫೌಲ್, ಒಮ್ಮೆ ಇಲ್ಲ, ಯಾಕೆ?

ಪ್ರಶ್ನೆ: ವಾಲಿಬಾಲ್ ಮ್ಯಾಚಲ್ಲಿ ನಮ್ಮ ಬ್ಲಾಕರ್ (ನೆಟ್ ಹತ್ರ ಎಗರಿ ಎದುರಿನವ್ರ ಹೊಡೆತ ತಡೆಯೋನು) ಬಾಲ್ ಮುಟ್ಟೇ ಇಲ್ಲ, ಆದ್ರೂ ನೆಟ್ ಟಚ್ ಅಂತ ಪಾಯಿಂಟ್ ಹೋಯ್ತು. ಸ್ವಲ್ಪ ಹೊತ್ತಿಗೆ ಎದುರು ಟೀಮಿನವನ ಭುಜ ನೆಟ್‌ಗೆ ಉಜ್ಜಿದ್ದು ಎಲ್ರಿಗೂ ಕಾಣ್ತು, ರೆಫ್ರಿ ಮಾತ್ರ ಸುಮ್ನೆ ನಿಂತಿದ್ರು. ಇದು ಯಾವ ನ್ಯಾಯ?

ಉತ್ತರ: ಎರಡೂ ಸರಿ ಇರೋ ಚಾನ್ಸೇ ಜಾಸ್ತಿ ಕಣ್ರೀ. ನೆಟ್ ತಾಗಿದ ಕೂಡ್ಲೇ ಫೌಲ್ ಅನ್ನೋದು ನಾವೆಲ್ಲ ಆಡ್ತಾ ಆಡ್ತಾ ಕಲ್ತಿದ್ದು, ರೂಲ್ ಬುಕ್ಕಲ್ಲಿರೋದು ಸ್ವಲ್ಪ ಬೇರೆ. ಎರಡು ಆಂಟೆನಾ (ನೆಟ್‌ನ ಎರಡೂ ಬದಿಗೆ ನೆಟ್ಟಗೆ ಕಟ್ಟಿರೋ ಕಡ್ಡಿ) ಮಧ್ಯದಲ್ಲಿ, ಬಾಲ್ ಆಡೋ ಆಕ್ಷನ್‌ನಲ್ಲಿರುವಾಗ ನೆಟ್ ತಾಗಿದ್ರೆ ಫೌಲ್. ಜಗಳ ಎಲ್ಲ ಆ 'ಆಕ್ಷನ್' ಅನ್ನೋ ಪದದ್ದೇ.

ಆಕ್ಷನ್ ಅಂದ್ರೆ ಕೈಗೆ ಬಾಲ್ ತಾಗೋ ಆ ಒಂದು ಕ್ಷಣ ಅಲ್ಲ. ನೆಲ ಬಿಟ್ಟು ಎಗರೋದು, ಹೊಡೆಯೋದು ಇಲ್ಲಾ ಹೊಡೆಯೋಕೆ ಹೋಗಿ ಮಿಸ್ ಆಗೋದು, ಆಮೇಲೆ ನೆಟ್ಟಗೆ ಇಳಿದು ಮುಂದಿನ ಆಟಕ್ಕೆ ರೆಡಿ ಆಗೋದು, ಇಷ್ಟೂ ಸೇರಿ ಒಂದೇ ಆಕ್ಷನ್. ಬಾಲ್ ಹತ್ರ ಇದ್ದು ಆಡೋಕೆ ನೋಡ್ತಿದ್ರೆ ಸಾಕು, ಬಾಲ್ ಸಿಗ್ದೇ ಇದ್ರೂ ಲೆಕ್ಕಕ್ಕೆ ಬರುತ್ತೆ. ನಿಮ್ಮ ಬ್ಲಾಕರ್ ಸಿಕ್ಕಾಕ್ಕೊಂಡಿದ್ದು ಇಲ್ಲೇ ಇರ್ಬೇಕು.

ಇಳಿಯೋದು ಮುಗೀತಾ ಇಲ್ವಾ ಅಂತ ಗೊತ್ತಾಗೋಕೆ ನಾನು ಕಾಲು ನೋಡ್ತೀನಿ. ಸ್ಮ್ಯಾಶ್ ಹೊಡೆದವನು ಒಂದೇ ಕಾಲಲ್ಲಿ ಇಳಿದ, ಮೈ ಮುಂದಕ್ಕೆ ವಾಲ್ತು, ಬ್ಯಾಲೆನ್ಸ್ ಸಿಗ್ದೆ ಇನ್ನೆರಡು ಹೆಜ್ಜೆ ಮುಗ್ಗರಿಸಿ ಎದೆ ನೆಟ್‌ಗೆ ತಾಗಿಸ್ದ ಅಂದ್ರೆ ಅದು ಇನ್ನೂ ಅದೇ ಆಕ್ಷನ್, ಫೌಲ್. ಅದೇ ಎರಡೂ ಕಾಲು ಗಟ್ಟಿಯಾಗಿ ಊರಿ, ಬಗ್ಗಿದ ಮಂಡಿ ನೆಟ್ಟಗಾಗಿ, ತನ್ನ ಕೋರ್ಟ್ ಕಡೆ ತಿರುಗೋವಾಗ ಭುಜ ಸವರಿದ್ರೆ ಆಟ ಮುಂದುವರಿಯುತ್ತೆ, ಅವ್ನಿಂದ ಎದುರಿನವ್ರಿಗೆ ಅಡ್ಡಿ ಆಗ್ಬಾರ್ದು ಅಷ್ಟೇ. ನೆಟ್ ಹಿಡ್ಕೊಂಡ್ರೆ, ಅದನ್ನೇ ಆಸರೆ ಮಾಡ್ಕೊಂಡ್ರೆ ಯಾವ ವಾದನೂ ನಡೆಯಲ್ಲ.

ಇದನ್ನ ಯಾರು ನೋಡ್ತಾರೆ ಅಂದ್ರೆ, ಮೇಲೆ ಸ್ಟ್ಯಾಂಡ್ ಮೇಲಿರೋ ಫಸ್ಟ್ ರೆಫ್ರಿ ಮುಖ್ಯವಾಗಿ ಸ್ಮ್ಯಾಶ್ ಹೊಡೆಯೋ ಕಡೆ, ಎದುರುಗಡೆ ಕಂಬದ ಹತ್ರ ನಿಂತಿರೋ ಸೆಕೆಂಡ್ ರೆಫ್ರಿ ಬ್ಲಾಕ್ ಮಾಡೋ ಕಡೆ. ಸೆಕೆಂಡ್ ರೆಫ್ರಿಗೆ ಕಷ್ಟ ಏನು ಗೊತ್ತಾ, ಸ್ಮ್ಯಾಶ್ ಬಿದ್ದ ತಕ್ಷಣ ಇಡೀ ಗ್ರೌಂಡೇ ಬಾಲ್ ಹಿಂದೆ ಹೋಗುತ್ತೆ, ಅವ್ರೊಬ್ರು ಮಾತ್ರ ಬಾಲ್ ಬಿಟ್ಟು ಬ್ಲಾಕರ್‌ಗಳು ಇಳಿಯೋವರೆಗೂ ನೆಟ್ ನೋಡ್ತಾ ನಿಲ್ಬೇಕು. ಶುರುವಲ್ಲಿ ನನ್ ಕೈಲಿ ಆಗ್ತಾನೇ ಇರ್ಲಿಲ್ಲ, ಬಾಲ್ ಎಲ್ಲಿ ಬಿತ್ತು ಅಂತ ನೋಡಿ ವಾಪಸ್ ತಿರುಗೋಷ್ಟ್ರಲ್ಲಿ ನೆಟ್ ಅಲ್ಲಾಡ್ತಿರೋದು, ಯಾರು ತಾಗಿಸಿದ್ದು ಅಂತ ಗೊತ್ತಿಲ್ದೆ ಅಂದಾಜಲ್ಲಿ ವಿಸಿಲ್ ಊದಿ ಬೈಸ್ಕೊಂಡಿದ್ದೀನಿ.

ನೆಟ್ ಅಲ್ಲಾಡಿದ್ರೆ ಯಾರೋ ತಾಗಿಸಿದ್ರು ಅಂತಾನೂ ಅಲ್ಲ. ಬಾಲೇ ರಭಸವಾಗಿ ನೆಟ್‌ಗೆ ಬಡಿದು, ನೆಟ್ ಉಬ್ಬಿ ಹೋಗಿ ಆಚೆ ಇರೋ ಬ್ಲಾಕರ್ ಕೈಗೆ ತಾಗಿದ್ರೆ ಅವ್ನದ್ದೇನೂ ತಪ್ಪಿಲ್ಲ. ಕೈ ನೆಟ್ ಹತ್ರ ಹೋಯ್ತಾ, ನೆಟ್ಟೇ ಕೈ ಹತ್ರ ಬಂತಾ ಅನ್ನೋದನ್ನ ಮೊದಲಿಂದ ನೆಟ್ ಮೇಲೆ ಕಣ್ಣಿಟ್ಟವ್ರು ಮಾತ್ರ ಹೇಳ್ಬಹುದು.

ಇನ್ನು ಜಾಗದ ವಿಷ್ಯ. ನೆಟ್ 9.5ರಿಂದ 10 ಮೀಟರ್ ಉದ್ದ, ಆಂಟೆನಾಗಳ ನಡುವೆ ಇರೋದು 9 ಮೀಟರ್. ಹೊರಗೆ ಉಳಿಯೋ ತುಂಡು, ಹಗ್ಗ, ಕಂಬ ಇವು ತಾಗಿದ್ರೆ ಆಟಕ್ಕೆ ತೊಂದ್ರೆ ಆಗದ ಹೊರತು ಓಕೆ. ಆದ್ರೆ ಆಕ್ಷನ್‌ನಲ್ಲಿರುವಾಗ ಆಂಟೆನಾ ತಾಗಿದ್ರೂ ಫೌಲೇ.

'ಮೇಲಿನ ಬಿಳಿ ಪಟ್ಟಿ ತಾಗಿದ್ರೆ ಮಾತ್ರ ಫೌಲ್ ಅಲ್ವಾ' ಅಂತ ಕೇಳೋರೂ ಇದ್ದಾರೆ. ಅವ್ರು ಸುಳ್ಳು ಹೇಳ್ತಿಲ್ಲ, 2009ರಿಂದ ಕೆಲವು ವರ್ಷ ಹೆಚ್ಚುಕಮ್ಮಿ ಹಂಗೇ ಇತ್ತು, 2015ರಿಂದ ಮತ್ತೆ ಬಿಗಿ ಆಯ್ತು, ಈಗ ಮೇಲಿನ ಪಟ್ಟಿ, ಕೆಳಗಿನ ಬಲೆ ಎಲ್ಲಾ ಒಂದೇ. ಜಡೆ ಬೀಸಿ ನೆಟ್‌ಗೆ ಬಡಿದ್ರೆ? ಬಲೆಗೆ ಸಿಕ್ಕಾಕ್ಕೊಂಡು ಆಟ ನಿಲ್ಲೋ ಹಾಗಾದ್ರೆ, ಇಲ್ಲಾ ಎದುರಿನವ್ರ ಆಟಕ್ಕೆ ಅಡ್ಡಿ ಆದ್ರೆ ಮಾತ್ರ ಫೌಲ್. ಎರಡೂ ಕಡೆಯವ್ರು ಒಟ್ಟಿಗೇ ತಪ್ಪು ಮಾಡಿದ್ರೆ ರ‍್ಯಾಲಿ (ಸರ್ವ್‌ನಿಂದ ಪಾಯಿಂಟ್ ಮುಗಿಯೋವರೆಗಿನ ಆಟ) ಮತ್ತೆ ಆಡಿಸ್ತಾರೆ.

ಅತಿ ಹೆಚ್ಚು ಗಲಾಟೆ ಆಗೋದು ಟೈಮಿಂಗ್‌ಗೆ. ಸ್ಮ್ಯಾಶ್ ನೆಲಕ್ಕೆ ಬಿದ್ಮೇಲೆ ಹೊಡೆದವನು ನೆಟ್ ತಾಗಿಸಿದ್ರೆ ಪಾಯಿಂಟ್ ಅವ್ನದ್ದೇ, ರ‍್ಯಾಲಿ ಆಗ್ಲೇ ಮುಗ್ದಿರುತ್ತೆ. ಬೀಳೋ ಮುಂಚೆ ತಾಗಿದ್ರೆ ಎದುರಿನವ್ರದ್ದು. ಎರಡಕ್ಕೂ ಮಧ್ಯೆ ಕಣ್ಣು ಮಿಟುಕಿಸೋಷ್ಟು ಹೊತ್ತೂ ಇರಲ್ಲ. ದೊಡ್ಡ ಮ್ಯಾಚ್‌ಗಳಲ್ಲಿ ವಿಡಿಯೋ ಚಾಲೆಂಜ್ ಇರುತ್ತೆ, ಉಳಿದ ಕಡೆ ಬಾಲ್ ಬಿದ್ದ ಸದ್ದು ಕಿವಿಗೆ ಬಿಟ್ಟು ಕಣ್ಣು ನೆಟ್ ಮೇಲೇ ಇಟ್ಟು, ಯಾವುದು ಮೊದಲು ಅಂತ ಅಲ್ಲೇ ಹೇಳ್ಬೇಕು.