ಬಿದ್ದ ಮರಗಳ ಲೆಕ್ಕ: ಶೇ. 75ಕ್ಕೂ ಶೇ. 95ಕ್ಕೂ ಇರುವ ಅಂತರ

ವಿಪತ್ತು ನಿರ್ವಹಣೆ ಓದುತ್ತಿರುವವರಿಗೆ ಚಂಡಮಾರುತದ ನಂತರದ ಹಸಿರು ಅವಶೇಷದ ಅಧ್ಯಾಯ ಮೇಲುನೋಟಕ್ಕೆ ಸುಲಭ. ಬಿದ್ದ ಮರ, ಕೊಂಬೆ, ಬೊಡ್ಡೆಗಳನ್ನು ಸಾಗಿಸಬೇಕು, ಗಾತ್ರ ತಗ್ಗಿಸಬೇಕು, ವಿಲೇವಾರಿ ಮಾಡಬೇಕು. ಆದರೆ 'ತಗ್ಗಿಸುವುದು' ಎಂದಾಗ ಏನು ತಗ್ಗುತ್ತದೆ ಎಂಬುದು ಬಿಡಿಸಿಕೊಳ್ಳಲು ನನಗೆ ಬಹಳ ಹೊತ್ತು ಹಿಡಿಯಿತು. ಹಾಗಾಗಿ ಆ ಭಾಗವನ್ನೇ ಉದ್ದಕ್ಕೆ ಬರೆಯುತ್ತಿದ್ದೇನೆ.

ಎಷ್ಟು ಬಿದ್ದಿದೆ?

ಅಮೆರಿಕದ ಸೇನಾ ಇಂಜಿನಿಯರ್‌ಗಳ ದಳ 1979ರ ಫ್ರೆಡರಿಕ್, 1989ರ ಹ್ಯೂಗೊ, 1992ರ ಆಂಡ್ರ್ಯೂ ಚಂಡಮಾರುತಗಳ ಮಾಹಿತಿಯಿಂದ ಒಂದು ಸೂತ್ರ ಕಟ್ಟಿದೆ. ಮನೆಗಳ ಸಂಖ್ಯೆಯನ್ನು ಚಂಡಮಾರುತದ ದರ್ಜೆ, ಮರಗಳ ದಟ್ಟಣೆ, ವಾಣಿಜ್ಯ ಕಟ್ಟಡಗಳು ಮತ್ತು ಮಳೆಯ ಗುಣಕಗಳಿಂದ ಗುಣಿಸಬೇಕು. ಉದಾಹರಣೆಗೆ 1,000 ಮನೆ, ಮೂರನೇ ದರ್ಜೆಗೆ 26, ದಟ್ಟ ಮರಗಳಿಗೆ 1.5, ಕಡಿಮೆ ವಾಣಿಜ್ಯಕ್ಕೆ 1.0, ಜೋರು ಮಳೆಗೆ 1.3. ಗುಣಿಸಿದರೆ ಒಟ್ಟು ಅವಶೇಷ 50,700 ಘನ ಗಜ. ಇದರಲ್ಲಿ ಶೇ. 30ರಷ್ಟು ಹಸಿರು ಅವಶೇಷ ಎಂದು ಹಿಡಿದರೆ 15,210 ಘನ ಗಜ. ಉತ್ತರ ಶೇ. 30ರಷ್ಟು ಅತ್ತಿತ್ತ ಆಗಬಹುದೆಂದು ಸೂತ್ರ ಕಟ್ಟಿದವರೇ ಹೇಳಿದ್ದಾರೆ.

ಏನು ತಗ್ಗುತ್ತದೆ?

ಯಂತ್ರದಲ್ಲಿ ಚೂರು ಮಾಡಿದರೆ ಗಾತ್ರ ಶೇ. 75 ಕಡಿಮೆಯಾಗುತ್ತದೆ, ಸುಟ್ಟರೆ ಶೇ. 95. ಎರಡೂ ದೊಡ್ಡ ಸಂಖ್ಯೆಗಳೇ, ನಡುವೆ ಇಪ್ಪತ್ತರ ವ್ಯತ್ಯಾಸ ಅಷ್ಟೇ ಎಂದು ಮುಂದೆ ಹೋಗಬೇಡಿ. ಉಳಿದದ್ದನ್ನು ನೋಡಿ. ಒಂದರಲ್ಲಿ ನೂರಕ್ಕೆ 25 ಉಳಿಯಿತು, ಇನ್ನೊಂದರಲ್ಲಿ 5. ಅಂದರೆ ಐದು ಪಟ್ಟು ಅಂತರ. ನಮ್ಮ 15,210 ಘನ ಗಜ ಚೂರಾದರೆ ಸುಮಾರು 3,800, ಬೂದಿಯಾದರೆ ಸುಮಾರು 760. ಶೇಕಡಾ ಕಂಡಾಗಲೆಲ್ಲ ನೂರರಿಂದ ಕಳೆದು ಉಳಿದದ್ದನ್ನು ಅಂಚಿನಲ್ಲಿ ಬರೆದಿಟ್ಟುಕೊಳ್ಳಿ. ಈ ಅಧ್ಯಾಯದ ಅರ್ಧ ಲೆಕ್ಕ ಅಲ್ಲಿಗೇ ಮುಗಿಯುತ್ತದೆ.

ಈಗ ತೂಕಕ್ಕೆ ಬರೋಣ. 20 ಘನ ಗಜ ಹಿಡಿಸುವ ಲಾರಿಗೆ ಕೊಂಬೆಗಳನ್ನು ತುಂಬಿದರೆ 1.5 ಟನ್ ಎಂದಿಟ್ಟುಕೊಳ್ಳಿ. ಅಂಥ ನಾಲ್ಕು ಲಾರಿಗಳಲ್ಲಿ 6 ಟನ್. ಅದೆಲ್ಲವೂ ಚೂರಾಗಿ ಒಂದೇ ಲಾರಿಗೆ ಹಿಡಿಸಿತು. ಆ ಲಾರಿಯ ತೂಕ? ಆರು ಟನ್ನೇ. ಯಂತ್ರ ತೆಗೆದದ್ದು ಕೊಂಬೆಗಳ ನಡುವಿನ ಗಾಳಿಯನ್ನು. ಮರವೂ ಅದರೊಳಗಿನ ನೀರೂ ಹಾಗೆಯೇ ಇವೆ. ಸುಟ್ಟಾಗ ಮಾತ್ರ ಮರವೇ ಹೋಗುತ್ತದೆ. ಆದ್ದರಿಂದ ಭರ್ತಿ ನೆಲದಲ್ಲಿ, ಅಂದರೆ ಕಸ ಹೂಳುವ ಜಾಗದಲ್ಲಿ, ಟನ್ನಿನ ಲೆಕ್ಕದಲ್ಲಿ ಶುಲ್ಕ ತೆಗೆದುಕೊಳ್ಳುವುದಾದರೆ ಚೂರು ಮಾಡಿದ್ದರಿಂದ ಶುಲ್ಕ ಇಳಿಯುವುದಿಲ್ಲ. ಘನ ಅಳತೆಯಲ್ಲಾದರೆ ಕಾಲು ಭಾಗಕ್ಕೆ ಇಳಿಯುತ್ತದೆ. ಪ್ರಶ್ನೆಯಲ್ಲಿ ಯಾವ ಅಳತೆ ಕೊಟ್ಟಿದ್ದಾರೆಂದು ಮೊದಲು ನೋಡಿ.

ಇದಕ್ಕೆ ಅಂಟಿಕೊಂಡೇ ಇನ್ನೊಂದು ಗಂಟು ಇದೆ. ಯಂತ್ರ ಬೀದಿಗೆ ಬಾರದೆ ತಾತ್ಕಾಲಿಕ ಸಂಗ್ರಹಣಾ ಜಾಗದಲ್ಲೇ ನಿಂತಿದ್ದರೆ, 15,210 ಘನ ಗಜಕ್ಕೆ, ಲಾರಿಗೆ 20ರಂತೆ, ಬೀದಿಯಿಂದ ಅಲ್ಲಿಗೆ ಸುಮಾರು 760 ಲಾರಿ ಹೇಗೂ ಓಡಲೇಬೇಕು. ಉಳಿತಾಯವೇನಿದ್ದರೂ ಅಲ್ಲಿಂದ ಮುಂದಿನ ಸಾಗಣೆಯಲ್ಲಿ: ಚೂರು ಮಾಡಿದರೆ ಸುಮಾರು 190 ಲಾರಿ, ಸುಟ್ಟರೆ 38. ಸಂಗ್ರಹಣಾ ಜಾಗವನ್ನು ಹತ್ತಿರದಲ್ಲೇ ಹುಡುಕಬೇಕು ಎಂದು ಅಷ್ಟು ಒತ್ತಿ ಹೇಳುವುದು ಇದಕ್ಕೇ.

ಸುಡುವುದಾದರೆ

ಬಯಲಲ್ಲಿ ರಾಶಿ ಹಾಕಿ ಬೆಂಕಿ ಇಡುವುದಕ್ಕೂ ಗಾಳಿ ಪರದೆಯ ಹೊಂಡದಲ್ಲಿ ಸುಡುವುದಕ್ಕೂ ವ್ಯತ್ಯಾಸವಿದೆ. ಹೊಂಡದ ಬಾಯಿಯ ಮೇಲೆ ಅಡ್ಡಲಾಗಿ ಜೋರು ಗಾಳಿ ಬೀಸುವಂತೆ ಮಾಡಿದರೆ ಹೊಗೆಯ ಕಣಗಳು ಮೇಲೇರದೆ ಮತ್ತೆ ಬೆಂಕಿಗೇ ಬಿದ್ದು ಉರಿಯುತ್ತವೆ. ಅವಶೇಷದ ರಾಶಿಯಿಂದ 100 ಅಡಿ, ಕಟ್ಟಡಗಳಿಂದ 1,000 ಅಡಿ ದೂರವಿಡಬೇಕು ಎಂಬುದು ಅಮೆರಿಕದ ಮಾರ್ಗಸೂಚಿ. ಚೂರಿನ ರಾಶಿಗೂ ಬೆಂಕಿಯ ಭಯ ತಪ್ಪಿದ್ದಲ್ಲ. ಹಸಿ ಎಲೆಯೊಂದಿಗೆ ಎತ್ತರಕ್ಕೆ ಪೇರಿಸಿ ಅದರ ಮೇಲೆ ಬುಲ್ಡೋಜರ್ ಓಡಿಸಿದರೆ ಒಳಗೆ ಕಾವು ಏರಿ ತಾನಾಗಿಯೇ ಹೊತ್ತಿಕೊಳ್ಳಬಹುದು.

ತೆಂಗು ಬಿದ್ದರೆ

ಸೂತ್ರಕ್ಕೆ ಸಿಗದ ವಿಷಯ ಇದು. ನನ್ನ ಮಟ್ಟಿಗೆ ಅಧ್ಯಾಯದಲ್ಲೇ ಮುಖ್ಯವಾದದ್ದು. 2018ರ ನವೆಂಬರ್ 16ರಂದು ಗಜ ಚಂಡಮಾರುತ ನಾಗಪಟ್ಟಿಣಂ ಮತ್ತು ವೇದಾರಣ್ಯಂ ನಡುವೆ ದಡ ಹಾಯ್ದಾಗ ತಂಜಾವೂರು ಸೀಮೆಯ ತೆಂಗಿನ ತೋಟಗಳು ಮಲಗಿದವು. ಬಿದ್ದ ತೆಂಗನ್ನು ಹಾಗೆಯೇ ಕೊಳೆಯಲು ಬಿಟ್ಟರೆ ನಮ್ಮ ಕರಾವಳಿಯವರು ಕುರುವಾಯಿ ಎನ್ನುವ ದುಂಬಿ ಅದರಲ್ಲಿ ಮೊಟ್ಟೆ ಇಡುತ್ತದೆ. ಕಾಂಡ ಸೀಳಿ ನೋಡಿದರೆ ಕಂದು ತಲೆಯ, ಬಾಗಿಕೊಂಡ ದಪ್ಪ ಬಿಳಿ ಹುಳುಗಳು ಪುಡಿಯಾದ ತಿರುಳಿನಲ್ಲಿ ಮಲಗಿರುತ್ತವೆ. ರೆಕ್ಕೆ ಬಂದ ಮೇಲೆ ಅವು ಹಾರಿಹೋಗುವುದು ಉಳಿದು ನಿಂತ ಮರಗಳ ಸುಳಿಗೆ. ಸುಳಿ ಕೊರೆದ ಗಾಯಕ್ಕೆ ಕೆಂಪು ಮೂತಿ ಹುಳು ಬಂದರೆ ಮರವೇ ಹೋಗುತ್ತದೆ.

ಆದ್ದರಿಂದ ಇಲ್ಲಿ ಚೂರು ಮಾಡುವುದು ಜಾಗ ಉಳಿಸಲು ಮಾತ್ರವಲ್ಲ, ಹುಳುವಿಗೆ ಮನೆ ಇಲ್ಲದಂತೆ ಮಾಡಲು. ಆದರೆ ಕೊಳೆಯುವ ಚೂರಿನ ರಾಶಿಯೂ ಗೊಬ್ಬರದ ಗುಂಡಿಯೂ ಕುರುವಾಯಿಗೆ ಒಗ್ಗುವ ಜಾಗಗಳೇ ಆಗಿರುವುದರಿಂದ ಅಲ್ಲಿಗೆ ಮೆಟಾರೈಜಿಯಂ ಎಂಬ ಹಸಿರು ಶಿಲೀಂಧ್ರ ಬೆರೆಸುತ್ತಾರೆ. ಅದು ಮರಿಹುಳುಗಳಿಗೆ ರೋಗ ತಗುಲಿಸಿ ಕೊಲ್ಲುತ್ತದೆ. ಬುಡದ ಗಟ್ಟಿ ಭಾಗವನ್ನು ಮೊದಲೇ ತೊಲೆಗೆ ಕೊಯ್ದುಕೊಂಡರೆ ಯಂತ್ರಕ್ಕೆ ಮೇಲಿನ ಮೆದು ಭಾಗವಷ್ಟೇ ಉಳಿಯುತ್ತದೆ, ರೈತನ ಕೈಗೂ ನಾಲ್ಕು ಕಾಸು ಬರುತ್ತದೆ.