ಉರ್ದು ಅಕ್ಷರಗಳು ಎಡಿಟರಿನಲ್ಲಿ ಬಿಡಿಬಿಡಿಯಾಗಿ ಕಂಡಾಗ

ಟೆಕ್ಸ್ಟ್ ಎಡಿಟರಿನಲ್ಲಿ ತೆರೆದ ಉರ್ದು ಬರಹದ ಅಕ್ಷರಗಳು ಒಂದಕ್ಕೊಂದು ಕೂಡಿಕೊಳ್ಳದೆ ಬಿಡಿಬಿಡಿಯಾಗಿ ನಿಂತರೆ ನಾವು ಮೊದಲು ದೂರುವುದು ಫಾಂಟನ್ನು. ಆದರೆ ಕಡತದಲ್ಲಿ ಉಳಿಯುವುದು ಅಕ್ಷರದ ಆಕಾರವಲ್ಲ, ಅದರ ಯೂನಿಕೋಡ್ ಸಂಕೇತ, ಅಂದರೆ ಆ ಅಕ್ಷರಕ್ಕೆ ಗೊತ್ತುಪಡಿಸಿದ ಸಂಖ್ಯೆ ಮಾತ್ರ. ‘ಬೇ’ ಎಂಬ ಅಕ್ಷರಕ್ಕೆ ಸಂಕೇತ ಒಂದೇ ಆದರೂ ಪದದ ಆದಿ, ನಡು, ಅಂತ್ಯಗಳಲ್ಲಿ ಮತ್ತು ಒಂಟಿಯಾಗಿ ನಿಂತಾಗ ಅದು ನಾಲ್ಕು ರೂಪಗಳನ್ನು ತಾಳುತ್ತದೆ. ನಮ್ಮ ಒತ್ತಕ್ಷರಗಳಲ್ಲಿ ಆಗುವಂತೆಯೇ, ಎಲ್ಲಿ ಯಾವ ರೂಪ ಬರಬೇಕೆಂಬುದನ್ನು ಹಾರ್ಫ್‌ಬಝ್‌ನಂಥ ತಂತ್ರಾಂಶವು ಫಾಂಟಿನೊಳಗಿನ ನಿಯಮಗಳನ್ನು ಓದಿ, ತೆರೆಯ ಮೇಲೆ ಮೂಡಿಸುವ ಹೊತ್ತಿಗೆ ನಿರ್ಧರಿಸುತ್ತದೆ. ಪ್ರತಿ ಅಕ್ಷರವನ್ನೂ ಸಮಾನ ಅಗಲದ ಚೌಕದಲ್ಲಿ ಕೂರಿಸುವ ಎಡಿಟರುಗಳಲ್ಲಿ ಈ ಕೆಲಸ ನಡೆಯದೇ ಹೋಗಬಹುದು. ಅದೇ ಬರಹವನ್ನು ಅದೇ ಫಾಂಟಿನಲ್ಲಿ ಬ್ರೌಸರಿನಲ್ಲಿ ತೆರೆದು ನೋಡಿ. ಅಲ್ಲಿ ಸರಿಯಾಗಿ ಕಂಡರೆ ದೋಷ ಎಡಿಟರಿನದು.

ಪದದ ಒಂದೆರಡು ಅಕ್ಷರಗಳು ಮಾತ್ರ ಕಳಚಿಕೊಂಡಿದ್ದರೆ ಕಾರಣ ಬೇರೆ. ಉರ್ದುವಿನ ‘ಟೇ’, ‘ಡಾಲ್’ ಅರಬ್ಬಿಯಲ್ಲಿಲ್ಲ. ಅರಬ್ಬಿಗೆಂದೇ ರೂಪಿಸಿದ ಫಾಂಟಿನಲ್ಲಿ ಅವು ಸಿಗದಿದ್ದಾಗ ಎಡಿಟರು ಆ ಅಕ್ಷರಗಳನ್ನಷ್ಟೇ ಇನ್ನೊಂದು ಫಾಂಟಿನಿಂದ ತರುತ್ತದೆ, ಎರಡು ಫಾಂಟುಗಳ ನಡುವೆ ಬೆಸುಗೆ ಕೂಡುವುದಿಲ್ಲ. ನೋಟೊ ನಸ್ತಾಲೀಖ್ ಉರ್ದುವಿನಂಥ ಫಾಂಟನ್ನು ಆರಿಸಿಕೊಂಡರೆ ಈ ತೊಂದರೆ ನೀಗುತ್ತದೆ.

ಆಗ ಎದುರಾಗುವುದು ಸಾಲಿನ ಎತ್ತರದ ಪ್ರಶ್ನೆ. ಉರ್ದುವಿಗೆ ರೂಢಿಯಾಗಿರುವ ನಸ್ತಾಲೀಖ್ ಶೈಲಿಯ ಬರವಣಿಗೆ ಬಲದ ಮೇಲ್ತುದಿಯಿಂದ ಎಡಕ್ಕೆ ಇಳಿಜಾರಾಗಿ ಸಾಗುವುದರಿಂದ, ಒಂದು ಅಕ್ಷರ ಎಷ್ಟು ಮೇಲೆ ಕೂರಬೇಕೆಂಬುದು ಅದರ ಮುಂದೆ ಎಷ್ಟು ಅಕ್ಷರಗಳು ಕೂಡಿಕೊಂಡಿವೆ ಎಂಬುದರ ಮೇಲೆ ನಿಂತಿದೆ. ಇದನ್ನು ಯಂತ್ರಕ್ಕೆ ಕಲಿಸುವುದು ಎಷ್ಟು ಕಠಿಣವಾಗಿತ್ತೆಂದರೆ, 1981ರಲ್ಲಿ ಪಾಕಿಸ್ತಾನದ ಲಿಪಿಕಾರ ಮಿರ್ಜಾ ಅಹ್ಮದ್ ಜಮೀಲ್ ಅವರು ನೂರಿ ನಸ್ತಾಲೀಖ್ ಎಂಬ ಫಾಂಟನ್ನು ರೂಪಿಸಿದಾಗ ಸುಮಾರು 20,000 ಕೂಡಕ್ಷರಗಳನ್ನು ಕೈಬರಹದಿಂದಲೇ ಸಿದ್ಧಪಡಿಸಬೇಕಾಯಿತು. ಅಷ್ಟು ತಾಳ್ಮೆಯಿಂದ ಬೆಳೆದುಬಂದ ಅಕ್ಷರಗಳ ತುದಿಗಳು ಸಾಲು ಇಕ್ಕಟ್ಟಾಗಿದ್ದ ಮಾತ್ರಕ್ಕೆ ಕತ್ತರಿಸಿಹೋಗುವುದು ನೋವಿನ ಸಂಗತಿ. ಸಾಲಿನ ಅಂತರವನ್ನು ಹೆಚ್ಚಿಸಿದರೆ ಅವು ಮರಳಿ ಕಾಣುತ್ತವೆ.

ಉರ್ದುವಿನ ಬದಲು ವಿಚಿತ್ರ ಚಿಹ್ನೆಗಳುಳ್ಳ ಲ್ಯಾಟಿನ್ ಅಕ್ಷರಗಳೇ ಸಾಲುಗಟ್ಟಿದ್ದರೆ ಫಾಂಟನ್ನು ಮುಟ್ಟಬೇಕಿಲ್ಲ. ಯೂನಿಕೋಡ್ ಸಂಕೇತಗಳನ್ನು ಕಡತದಲ್ಲಿ ಬೈಟುಗಳಾಗಿ ಬರೆದಿಡುವ ಕ್ರಮ, ಅಂದರೆ ಎನ್‌ಕೋಡಿಂಗ್, ಆದ ಯುಟಿಎಫ್-8ರಲ್ಲಿ ಉರ್ದು ಅಕ್ಷರವೊಂದಕ್ಕೆ ಎರಡು ಬೈಟುಗಳು ಬೇಕು. ಎಡಿಟರು ಒಂದೊಂದು ಬೈಟನ್ನೂ ಒಂದೊಂದು ಅಕ್ಷರವೆಂದು ಓದಿರುತ್ತದೆ. ಕಡತವನ್ನು ಉಳಿಸದೆ ಮುಚ್ಚಿ, ಎನ್‌ಕೋಡಿಂಗ್ ಸರಿಪಡಿಸಿ ಮತ್ತೆ ತೆರೆಯಬೇಕು.

ನನ್ನ ಮಟ್ಟಿಗೆ ಹೆಚ್ಚು ಅಪಾಯದ ದೋಷವೆಂದರೆ ಕಣ್ಣಿಗೆ ಬೀಳದ್ದು. ಅರಬ್ಬಿಯ ‘ಯಾ’ ಮತ್ತು ಉರ್ದುವಿನ ‘ಛೋಟೀ ಯೇ’ ಬೇರೆ ಬೇರೆ ಸಂಕೇತಗಳು. ಪದದ ಕೊನೆಯಲ್ಲಿ ಅರಬ್ಬಿಯದಕ್ಕೆ ಕೆಳಗೆ ಎರಡು ಚುಕ್ಕೆಗಳಿರುವುದರಿಂದ ತಪ್ಪು ತಿಳಿಯುತ್ತದೆ. ಪದದ ನಡುವೆಯಾದರೋ ಎರಡೂ ಒಂದೇ ರೀತಿ ಕಾಣುತ್ತವೆ, ಹುಡುಕಿದಾಗ ಮಾತ್ರ ಕಣ್ಣೆದುರಿಗಿರುವ ಪದವೇ ಸಿಗುವುದಿಲ್ಲ.