ದುರ್ಗದ ಕೋಟೆ ಇಳಿದ ಮೇಲೆ ಊಟಕ್ಕೆ ಹೈವೇಗೆ ಓಡಬೇಕಾ?

ಪ್ರಶ್ನೆ: ಮಕ್ಕಳು, ಹಿರಿಯರು ಎಲ್ಲ ಸೇರಿ ಚಿತ್ರದುರ್ಗಕ್ಕೆ ಬರುತ್ತಿದ್ದೇವೆ. ಬೆಳಿಗ್ಗೆ ಕೋಟೆ, ಮಧ್ಯಾಹ್ನದ ಮೇಲೆ ಚಂದ್ರವಳ್ಳಿ ಗುಹೆಗಳು. ನಡುವೆ ಊಟಕ್ಕೆ ಎಲ್ಲಿ ಹೋಗುವುದು? ಊರೊಳಗೆ ಏನೂ ಸಿಗಲ್ಲ, ಹೈವೇ ಹೋಟೆಲ್ಲೇ ಗತಿ ಅಂತಾರೆ.

ಉತ್ತರ: ಯಾರು ಅಂತಾರೆ? ಪ್ರತಿ ರಜೆಯಲ್ಲೂ ಇದೇ ಪ್ರಶ್ನೆ ಬರುತ್ತದೆ, ಪ್ರತಿ ಸಲವೂ ಆ ಕೊನೆಯ ಸಾಲು ಹಾಗೇ ಅಂಟಿಕೊಂಡು ಬರುತ್ತದೆ. ಹಾಗಾಗಿ ಮೊದಲು ಆ ಸಾಲಿನ ವಿಚಾರ.

ಕೋಟೆ ಊರಿಗೆ ಅಂಟಿಕೊಂಡೇ ಇದೆ. ಇಳಿದು ಆಟೋ ಹಿಡಿದರೆ ದೊಡ್ಡಪೇಟೆ, ಲಕ್ಷ್ಮೀ ಬಜಾರ್, ಗಾಂಧಿ ವೃತ್ತ ಎಲ್ಲ ಕೆಲವೇ ನಿಮಿಷದ ದಾರಿ. ಹೈವೇ ಇರುವುದು ಊರಾಚೆ. ಹಸಿದ ಮಕ್ಕಳನ್ನು ಕಾರಿಗೆ ತುಂಬಿಕೊಂಡು, ಸರ್ವಿಸ್ ರಸ್ತೆ ಹುಡುಕಿ, ತಿಂದು, ಮತ್ತೆ ಚಂದ್ರವಳ್ಳಿಗೆಂದು ಊರಿಗೇ ವಾಪಸ್ ಬರಬೇಕು. ಅಷ್ಟು ಹೊತ್ತಿಗೆ ಬಿಸಿಲೂ ಇಳಿದಿರುತ್ತದೆ, ಉತ್ಸಾಹವೂ ಇಳಿದಿರುತ್ತದೆ.

ಆದರೆ ದೂರ ಇಲ್ಲಿ ಮುಖ್ಯ ಅಲ್ಲ. ಊಟ ಯಾರಿಗಾಗಿ ಬೇಯುತ್ತದೆ ಅನ್ನುವುದು ಮುಖ್ಯ. ಹೈವೇ ಹೋಟೆಲ್ಲಿನ ಗಿರಾಕಿ ಬೆಂಗಳೂರಿನಿಂದ ಹುಬ್ಬಳ್ಳಿಗೋ ಪುಣೆಗೋ ಹೊರಟವನು. ಇವತ್ತು ಸಾರು ಸಪ್ಪೆಯಾದರೆ ನಾಳೆ ಬಂದು ಜಗಳ ತೆಗೆಯುವುದಿಲ್ಲ. ಆ ಉದ್ದಕ್ಕೂ ಸಿಗುವ ಮೆನುವೂ ಹೆಚ್ಚು ಕಡಿಮೆ ಒಂದೇ: ಗೋಬಿ, ಫ್ರೈಡ್ ರೈಸ್, ಪನೀರ್, ನಾರ್ತ್ ಇಂಡಿಯನ್ ಥಾಲಿ. ಊರೊಳಗಿನ ಖಾನಾವಳಿಯ ಗಿರಾಕಿಯೇ ಬೇರೆ. ಕೋರ್ಟಿನ ವಕೀಲರು, ಕಚೇರಿಯ ಗುಮಾಸ್ತರು, ಅಂಗಡಿ ಹುಡುಗರು, ಸಂತೆಗೆ ಬಂದ ರೈತರು. ಇವರು ನಾಳೆಯೂ ಬರಬೇಕು, ನಾಡಿದ್ದೂ ಬರಬೇಕು. ಪಲ್ಯ ಹಳಸಿದ್ದರೆ ಬಡಿಸುವವನ ಮುಖದ ಮೇಲೇ ಹೇಳುತ್ತಾರೆ. ಇಂಥ ಜನಕ್ಕೆ ದಿನಾ ಬಡಿಸಿ ಬಾಗಿಲು ತೆಗೆದಿಟ್ಟುಕೊಂಡಿರುವ ಖಾನಾವಳಿಯನ್ನು ನಾನು ಕಣ್ಣು ಮುಚ್ಚಿ ನಂಬುತ್ತೇನೆ.

‘ಆದರೆ ಕ್ಲೀನಾಗಿರುತ್ತಾ?’ ಇದು ಮುಂದಿನ ಮಾತು, ಗೊತ್ತು. ಗಾಜಿನ ಬಾಗಿಲು, ಎಸಿ, ಹೊಳೆಯುವ ಟೇಬಲ್ ಇದ್ದ ಮಾತ್ರಕ್ಕೆ ಅಡುಗೆ ತಾಜಾ ಆಗುವುದಿಲ್ಲ. ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳುತ್ತಿರುತ್ತದೆ, ಹಂಚಿನಿಂದ ಎದ್ದದ್ದು ನೇರ ತಟ್ಟೆಗೆ ಬರುತ್ತದೆ. ಬೆಳಿಗ್ಗೆ ಮಾಡಿದ್ದು ಮಧ್ಯಾಹ್ನವೇ ಖಾಲಿ, ಫ್ರಿಜ್ಜಿನ ಗೊಡವೆಯಿಲ್ಲ. ನೀರಿನ ಬಗ್ಗೆ ಅನುಮಾನವಿದ್ದರೆ ನಿಮ್ಮ ಬಾಟಲಿ ಒಯ್ಯಿರಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಹೈವೇ ಕಡೆ ಒಂದೇ ಒಂದು ಮಾತು ಒಪ್ಪುತ್ತೇನೆ: ಶೌಚಾಲಯ ಮತ್ತು ಪಾರ್ಕಿಂಗ್. ವಯಸ್ಸಾದವರು ಜೊತೆಗಿದ್ದರೆ ಊರಿಗೆ ಬರುವಾಗಲೇ ಹೈವೇಯಲ್ಲಿ ಕಾಫಿಗೆ ನಿಲ್ಲಿಸಿ, ಆ ಕೆಲಸ ಮುಗಿಸಿಕೊಳ್ಳಿ. ಊಟ ಮಾತ್ರ ಊರೊಳಗೇ.

ಈಗ ಹೊತ್ತಿನ ಲೆಕ್ಕ. ಬಂಡೆ ಕಾಯುವ ಮೊದಲೇ ಕೋಟೆ ಹತ್ತಿ. ಏಕನಾಥೇಶ್ವರಿ, ಹಿಡಿಂಬೇಶ್ವರ, ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ ಎಲ್ಲ ನೋಡಲು ಮೂರು ಗಂಟೆಯಾದರೂ ಬೇಕು. ಓಬವ್ವನ ಕಿಂಡಿಯ ಕಥೆ ಎಲ್ಲರಿಗೂ ಗೊತ್ತಿದೆ. ಕಾವಲುಗಾರ ಗಂಡ ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಅವಳು ನೀರಿಗೆಂದು ಹೋಗಿ ಹೈದರನ ಸೈನಿಕರನ್ನು ಕಂಡದ್ದು. ಈಗ ಕೋಟೆಯೊಳಗೆ ಊಟದ ವ್ಯವಸ್ಥೆಯಿಲ್ಲ. ಬುತ್ತಿ ಕಟ್ಟಿಕೊಂಡು ಹತ್ತುವ ಆಲೋಚನೆಯನ್ನೂ ಬಿಡಿ, ಕೋತಿಗಳು ಚೀಲವನ್ನೇ ಕಿತ್ತುಕೊಳ್ಳುತ್ತವೆ. ನೀರು ಮಾತ್ರ ಧಾರಾಳವಾಗಿ ಒಯ್ಯಿರಿ. ಹನ್ನೆರಡೂವರೆಗೆ ಕೆಳಗಿದ್ದರೆ ಒಂದರ ಗದ್ದಲಕ್ಕೆ ಮೊದಲು ಜಾಗ ಸಿಗುತ್ತದೆ. ಎರಡೂವರೆ ದಾಟಿದರೆ ಪಲ್ಯ ಮುಗಿದು ಬರೀ ಅನ್ನ-ಸಾರು ಉಳಿದಿರುತ್ತದೆ.

ಒಂದು ಎಚ್ಚರಿಕೆ: ಕಚೇರಿ ಜನರನ್ನೇ ನೆಚ್ಚಿಕೊಂಡ ಖಾನಾವಳಿಗಳಲ್ಲಿ ಕೆಲವು ಭಾನುವಾರ ಮುಚ್ಚಿರುತ್ತವೆ. ಬೆಳಿಗ್ಗೆ ತಿಂಡಿಗೆ ನಿಂತ ಕಡೆಯೇ ‘ಇವತ್ತು ರೊಟ್ಟಿ ಊಟ ಎಲ್ಲಿ ತೆಗೆದಿರ್ತದೆ?’ ಅಂತ ಕೇಳಿಟ್ಟುಕೊಳ್ಳಿ. ಆಟೋದವರನ್ನು ಕೇಳುವುದಾದರೆ ‘ಒಳ್ಳೆ ಹೋಟೆಲ್ ಯಾವುದು’ ಅನ್ನಬೇಡಿ. ನಿಮ್ಮ ಬಟ್ಟೆ ನೋಡಿ ಎಸಿ ಹೋಟೆಲ್ಲಿಗೇ ಕರೆದೊಯ್ಯುತ್ತಾರೆ. ‘ಅಣ್ಣಾ, ನೀವು ಎಲ್ಲಿ ಉಣ್ತೀರಿ?’ ಅಂತ ಕೇಳಿ.

ಒಳಗೆ ಹೋದ ಮೇಲೆ ಮೆನು ಕಾರ್ಡ್ ಹುಡುಕಬೇಡಿ. ಊಟ ಅಂದರೆ ರೊಟ್ಟಿ, ಒಂದು ಕಾಳು ಪಲ್ಯ, ಎಣ್ಣೆಗಾಯಿಯೋ ಸೊಪ್ಪೋ, ಶೇಂಗಾ ಚಟ್ನಿಪುಡಿ, ಮೊಸರು, ಹಸಿ ಈರುಳ್ಳಿ, ಆಮೇಲೆ ಅನ್ನ, ಸಾರು, ಮಜ್ಜಿಗೆ. ಖಾರಕ್ಕೆ ಹೆದರುವ ಮಕ್ಕಳಿಗೆ ಚಪಾತಿ, ಮೊಸರು ಕೇಳಿದರೆ ಸಾಕು. ಮಾಂಸದ ಊಟ ಬೇಕಿದ್ದವರು ಮಿಲಿಟರಿ ಹೋಟೆಲ್ ಕೇಳಿ, ಅಲ್ಲಿ ಮುದ್ದೆ ಇದ್ದೇ ಇರುತ್ತದೆ. ಆದರೆ ಎರಡನೇ ಮುದ್ದೆಗೆ ಕೈ ಹಾಕುವ ಮೊದಲು ಚಂದ್ರವಳ್ಳಿ ನೆನಪಿರಲಿ. ಅಂಕಲಿ ಮಠದ ಗುಹೆಗಳಲ್ಲಿ ಕತ್ತಲಲ್ಲಿ ಬಗ್ಗಿ ಬಗ್ಗಿ ಇಳಿಯಬೇಕು.

ದಾವಣಗೆರೆಗೂ ಹೋಗುವವರಿಗೆ ಒಂದು ಮಾತು: ಬೆಣ್ಣೆ ದೋಸೆ ತಿಂಡಿ, ಊಟವಲ್ಲ. ಸುಮಾರು ಅರವತ್ತು ಕಿಲೋಮೀಟರ್ ದಾರಿ, ಸಂಜೆ ಹೊತ್ತಿಗೆ ತಲುಪಿ ತಿನ್ನಿ. ಕಾಯಿ ಚಟ್ನಿ, ಆಲೂಗಡ್ಡೆ ಪಲ್ಯ ಅದರ ಜೋಡಿ. ಸಾಂಬಾರ್ ಕೇಳಬೇಡಿ.

ಇನ್ನೊಂದು ವಿಚಾರ, ನೀವು ಕೇಳಿಲ್ಲ, ಆದರೂ ಹೇಳಬೇಕು. ಒಂದೇ ಊರಲ್ಲಿ ರೊಟ್ಟಿಯೂ ಮುದ್ದೆಯೂ ಇಷ್ಟು ಸಲೀಸಾಗಿ ಸಿಗುವುದು ಯಾಕೆ? ಕಾರಣ ಕಾಲ ಕೆಳಗಿನ ಮಣ್ಣು. ಎರೆ ಭೂಮಿ, ಅಂದರೆ ಕಪ್ಪು ಮಣ್ಣು, ಮಳೆಯ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಮಳೆ ನಿಂತ ಮೇಲೂ ಆ ತೇವದಲ್ಲೇ ಹಿಂಗಾರಿ ಜೋಳ ಬರುತ್ತದೆ. ಮಸಾರಿ, ಅಂದರೆ ಕೆಂಪು ಮಣ್ಣಿನ ನೆಲ ಬೇಗ ಆರುತ್ತದೆ, ಅದಕ್ಕೆ ಮುಂಗಾರಿನಲ್ಲೇ ಬಿತ್ತುವ ರಾಗಿ ಹೊಂದುತ್ತದೆ. ಈ ಜಿಲ್ಲೆಯಲ್ಲಿ ಎರಡೂ ನೆಲ ಇದೆ, ಮಳೆ ಮಾತ್ರ ಕಮ್ಮಿ. ಬಡಗಣ ಬಯಲುಸೀಮೆಯ ಜೋಳ, ತೆಂಕಣದ ರಾಗಿ ಇಲ್ಲಿ ಒಂದೇ ಪೇಟೆಯಲ್ಲಿ ಸೇರುತ್ತವೆ. ಹೊಸದುರ್ಗದ ಕಡೆ ಸಾವೆ ಅನ್ನುವ ಸಿರಿಧಾನ್ಯ ಬೆಳೆಯುತ್ತಾರೆ. ಚಳ್ಳಕೆರೆ ಕಡೆಯ ಮಸಾರಿಯಲ್ಲಿ ಶೇಂಗಾ, ಅದರ ಗಾಣ-ಮಿಲ್ಲುಗಳಿಂದಲೇ ಆ ಊರಿಗೆ ಎಣ್ಣೆ ನಗರ ಅನ್ನುವ ಹೆಸರು ಬಂತು. ರೊಟ್ಟಿಯ ಪಕ್ಕದ ಚಟ್ನಿಪುಡಿ ಹಿಡಿಸಿದರೆ ದುಡ್ಡು ಕೊಡುವಾಗ ಗಲ್ಲಾದಲ್ಲಿ ವಿಚಾರಿಸಿ, ಕೆಲವು ಕಡೆ ಕಾಲು ಕಿಲೋ, ಅರ್ಧ ಕಿಲೋ ಕಟ್ಟಿ ಕೊಡುತ್ತಾರೆ.